ಬಿಚ್ಚಿ ಜೋಡಿಸುವ ಮಂಚ

ಶ್ರೀಮಂಗಲ
ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಮುತ್ತ,

ನಮಗೆ ಮನೆ ಸಿಕ್ಕಿತು, ನಮ್ಮದೇ ಮನೆ, ಕೀಲಿ ಈಗ ನನ್ನ ಕೈಯಲ್ಲಿದೆ. ಬರೆಯುವಾಗಲೂ ಎಡಗೈಯಲ್ಲಿ ಅದನ್ನೇ ಹಿಡಿದುಕೊಂಡಿದ್ದೇನೆ, ಅದಕ್ಕೇ ಕಾಗದ ಜಾರಿ ಅಕ್ಷರ ಸೊಟ್ಟಗೆ ಬರುತ್ತಿದೆ. ಮೊದಲು ನೀನು ಹೇಗಿದ್ದೀಯ ಎಂದು ಕೇಳಬೇಕಿತ್ತು. ಆಮೇಲೆ ಇಷ್ಟು ತಡವಾಗಿ ಬರೆದದ್ದಕ್ಕೆ ಸಾರಿ ಹೇಳಬೇಕಿತ್ತು. ಎರಡೂ ಆಯಿತು ಅಂದುಕೋ, ಪ್ಲೀಸ್, ನನಗೆ ಮನೆಯ ವಿಷಯ ಹೇಳುವ ಅರ್ಜೆಂಟ್.

ಫೋನಿನಲ್ಲಿ ಇದೆಲ್ಲ ಆಗುವ ಮಾತಲ್ಲ. ನೀನು ಆ ಬೆಟ್ಟದ ಮಿಲಿಟರಿ ಪೋಸ್ಟಿನಿಂದ ಫೋನ್ ಮಾಡಿದಾಗ ಸಿಗುವ ಚೂರು ಹೊತ್ತಿನಲ್ಲಿ ಮೊದಲು ನಿನ್ನ ಅವ್ವ, ಅಂದರೆ ನನ್ನ ಮಾವಿ, ಮಾತಾಡಬೇಕು, ಆಮೇಲೆ ನಿನ್ನ ಅಣ್ಣ ರಾಜು ಬಾವ, ಆಮೇಲೆ ಚಿಕ್ಕಿ ಆಂಟಿ ಬಂದಿದ್ದರೆ ಅಲ್ಲಿ ಹಿಮ ಎಷ್ಟುಂಟು ಎಂದು ವಿಚಾರಿಸಬೇಕು. ಫೋನ್ ನನ್ನ ಕೈಗೆ ಬರುವಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ನಾನು ‘ಊಟ ಆಯಿತಾ’ ಎನ್ನುತ್ತೇನೆ, ನೀನು ‘ಆಯಿತು’ ಎನ್ನುತ್ತೀಯ, ಲೈನ್ ಕಟ್ಟಾಗುತ್ತದೆ. ಮದುವೆಯಾದ ಮೇಲೆ ನಾವು ಊಟದ ಬಗ್ಗೆ ಮಾತಾಡಿದಷ್ಟು ಬೇರೇನೂ ಮಾತಾಡಿಲ್ಲ. ಅದಕ್ಕೇ ಈ ಪತ್ರ. ‘ಕನ್ನಡದಲ್ಲೇ ಬರೆ, ನಿನ್ನ ಇಂಗ್ಲಿಷ್ ಓದಿದರೆ ಹೆಡ್‌ಕ್ವಾರ್ಟರ್ಸಿನಿಂದ ಆರ್ಡರ್ ಬಂದ ಹಾಗಿರುತ್ತದೆ’ ಎಂದವನು ನೀನೇ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳ ಕನ್ನಡ, ತಪ್ಪಿದ್ದರೆ ನಗಬೇಡ.

ನೀನು ಹುಟ್ಟಿದ ಮನೆಯ ಕಥೆಯನ್ನು ನಿನಗೇ ಹೇಳುವುದು ತಮಾಷೆಯಾಗಿದೆ. ಆದರೆ ಈ ಮನೆ ನೀನು ನೋಡಿದ ಹಾಗಿಲ್ಲ. ರಾಜು ಬಾವ ಗದ್ದೆಯ ಆಚೆ ಟೆರೇಸ್ ಮನೆ ಕಟ್ಟಿ ಮಾವಿಯನ್ನು ಕರೆದುಕೊಂಡು ಹೋದ ಮೇಲೆ ಇಲ್ಲಿ ಬಾವಲಿಗಳು ಸಂಸಾರ ಹೂಡಿದ್ದವು. ಬಚ್ಚಲಲ್ಲಿ ಹಾವಿನ ಪೊರೆ ಇತ್ತು. ಅಡುಗೆ ಮನೆಯ ಕಿಟಕಿಯೊಳಗೆ ಒಂದು ಮೆಣಸಿನ ಬಳ್ಳಿ ಬಂದು ಪಾತ್ರೆಯ ಗೂಡನ್ನು ಹಿಡಿದುಕೊಂಡಿತ್ತು. ನಾನು ಅದನ್ನು ಹಾಗೇ ಬಿಡೋಣ, ಎಷ್ಟು ಚೆಂದ ಎಂದೆ. ಬಾವ ಕತ್ತಿ ತೆಗೆದುಕೊಂಡು ‘ಮೈಸೂರಿನವರಿಗೆ ಎಲ್ಲ ಚೆಂದವೇ, ನಾಳೆ ಇದರ ಮೇಲೆ ಇಲಿ ಬರ್ತದೆ, ಅದೂ ಚೆಂದವಾ’ ಎಂದು ಒಂದೇ ಏಟಿಗೆ ಕಡಿದರು.

ಕಾಫಿ ಪಿಕ್ಕಿಂಗ್ ನಡೆಯುತ್ತಿರುವುದರಿಂದ ತೋಟದ ಲೈನ್‌ಮನೆಗಳ ಆಳುಗಳು ಯಾರೂ ಸಿಗುವುದಿಲ್ಲ. ಹಾಗಾಗಿ ಮನೆ ರಿಪೇರಿಗೆ ನಿನ್ನ ಬಳಗವೇ ಬಂದಿಳಿದಿದೆ. ಬಾವ ಮಾಡಿನ ಮೇಲೆ ಹತ್ತಿ ಹೆಂಚು ಬದಲಿಸುತ್ತಾರೆ. ಅಮ್ಮತ್ತಿಯಿಂದ ಚಿಕ್ಕಿ ಆಂಟಿ, ಅಂದರೆ ನಿನ್ನ ಅವ್ವನ ತಂಗಿ, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸೆರಗು ಸಿಕ್ಕಿಸಿ ಸುಣ್ಣ ಹೊಡೆಯುತ್ತಾರೆ. ಮಾವಿ ನೆಲ ತಿಕ್ಕುತ್ತಾರೆ. ನಾನು? ನಾನು ಎಲ್ಲರಿಗೂ ಕಾಫಿ ಮಾಡಿಕೊಟ್ಟು ಎಲ್ಲಿ ಯಾವ ಪರದೆ ಎಂದು ಪ್ಲಾನ್ ಹೇಳುತ್ತೇನೆ. ಎಲ್ಲರೂ ಕನ್ನಡದಲ್ಲೇ ಮಾತಾಡಿಸುತ್ತಾರೆ. ಕೊಡವನ ಮಗಳಾಗಿಯೂ ನಾನು ಆಡುವ ಕೊಡವ ತಕ್ಕ್ ಭಾಷೆ ಕೇಳಿದರೆ ಅವರಿಗೆ ನಗು ತಡೆಯಲಿಕ್ಕಾಗುವುದಿಲ್ಲವಂತೆ.

ಈಗ ಅಸಲು ವಿಷಯ. ಅಟ್ಟ ಗುಡಿಸುವಾಗ ನನಗೆ ಒಂದು ನಿಧಿ ಸಿಕ್ಕಿತು. ಹಳೇ ಸೀರೆಯಲ್ಲಿ ಸುತ್ತಿದ ಬೀಟೆ ಮರದ ಹಲಗೆಗಳು, ಕೆತ್ತನೆಯ ಕಾಲುಗಳು, ಒಂದು ಬಟ್ಟೆಯ ಚೀಲದಲ್ಲಿ ಮರದ ಬೆಣೆಗಳು. ಒಂದು ಪೂರ್ತಿ ದೊಡ್ಡ ಮಂಚ, ಮುತ್ತ. ನಾನು ಅಲ್ಲಿಂದಲೇ ಕಿರುಚಿದೆ. ಇಷ್ಟು ಒಳ್ಳೆಯ ಮಂಚವನ್ನು ಯಾಕೆ ಬಿಚ್ಚಿಟ್ಟಿದ್ದಾರೆ, ಬಾಗಿಲಲ್ಲಿ ಹಿಡಿಸುವುದಿಲ್ಲವಾ ಎಂದು ಕೇಳಿದೆ.

‘ಬಾಗಿಲಿಗೆ ಅಲ್ಲ’ ಎಂದರು ಮಾವಿ. ಅಷ್ಟೇ ಹೇಳಿ ನೆಲ ತಿಕ್ಕಲಿಕ್ಕೆ ಹೋದರು.

ಚಿಕ್ಕಿ ಆಂಟಿ ಹೇಳಿದರು. ನಿನ್ನ ಅಪ್ಪ ರಜೆಯಲ್ಲಿ ಬರುತ್ತಾರೆ ಎಂದು ಕಾಗದ ಬಂದ ಮೇಲೆ ಮಾವಿ ಮಂಚ ಇಳಿಸಿ ಜೋಡಿಸುತ್ತಿದ್ದರಂತೆ. ಬೆಣೆ ಹೊಡೆಯುವ ಸದ್ದು ಗದ್ದೆಯ ಆಚೆಗೂ ಕೇಳುತ್ತಿತ್ತಂತೆ, ಊರಿಗೆಲ್ಲ ಸುಬೇದಾರರು ಬರುವುದು ಹಾಗೇ ಗೊತ್ತಾಗುತ್ತಿತ್ತಂತೆ. ರಜೆ ಮುಗಿಸಿ ಅವರು ಹೋದ ದಿನವೇ ಮಾವಿ ಬೆಣೆ ಬಿಚ್ಚಿ ಮತ್ತೆ ಅಟ್ಟಕ್ಕೆ. ಉಳಿದ ದಿನಕ್ಕೆಲ್ಲ ಗೋಡೆ ಪಕ್ಕದ ಆ ಕಿರಿದಾದ ಹಲಗೆ ಮಂಚ. ಚಿಕ್ಕಿ ಆಂಟಿಯ ಮನೆಯಲ್ಲೂ ಹಾಗೇ ಇತ್ತಂತೆ, ಅಂಕಲ್ ರಿಟೈರ್ ಆಗುವವರೆಗೆ.

‘ದೊಡ್ಡ ಮಂಚದಲ್ಲಿ ಒಬ್ಬಳೇ ಮಲಗಬಾರದು ಕುಂಞಿ’ ಎಂದರು ಚಿಕ್ಕಿ ಆಂಟಿ ಮಗುವಿಗೆ ಹೇಳುವ ಹಾಗೆ, ಬ್ರಷ್ ಅದ್ದುತ್ತಾ. ‘ಅರ್ಧ ಮಂಚ ತಣ್ಣಗೇ ಇರ್ತದೆ. ಸಣ್ಣ ಮಂಚ ಹಾಕ್ಕೊ. ಒಂದು ಕಡೆ ಗೋಡೆ ತಾಗಿದರೆ ನಿದ್ದೆ ಬರ್ತದೆ.’

ನಾನು ಕೇಳುವವಳಾ? ಈಗಲೇ ಜೋಡಿಸಬೇಕು ಎಂದು ಹಟ ಮಾಡಿದೆ. ನಾನೇನು ಅಳುಮುಂಜಿಯಾ ಎಂದೆ. ‘ಮುತ್ತ ಬರ್ಲಿ’ ಎಂದರು ಮಾವಿ. ‘ಬರುವಾಗ ರೆಡಿ ಇರಲಿ’ ಎಂದೆ ನಾನು. ಕೊನೆಗೆ ಬಾವ ಬಂದು ಜೋಡಿಸಿಕೊಟ್ಟರು. ಕೋಣೆಯ ನಡುವೆ ರಾಜನ ಹಾಗೆ ನಿಂತಿದೆ.

ಇನ್ನೊಂದು ಕೇಳು, ಇದು ಬೆಸ್ಟ್. ಮಾವಿ ನಿನ್ನ ಅಪ್ಪನ ಹಳೇ ಬೂಟುಗಳನ್ನು ತಂದು ಜಗಲಿಯಲ್ಲಿಟ್ಟರು, ಮೇಲಿನ ಮೊಳೆಗೆ ಅವರ ಜಾಕೆಟ್ ನೇತುಹಾಕಿದರು. ಬರುವವರು ಹೋಗುವವರು ನೋಡಿದರೆ ಗಂಡಸಿದ್ದಾನೆ ಅನ್ನಬೇಕಂತೆ. ನಾನು ಬೂಟನ್ನು ಪಾಲಿಶ್ ಮಾಡಿ ಫಳಫಳ ಅನ್ನಿಸಿಟ್ಟೆ. ಮಾವಿ ನೋಡಿ ತಲೆ ಚಚ್ಚಿಕೊಂಡರು. ‘ನಡೆಯುವ ಗಂಡಸಿನ ಬೂಟು ಹೀಗಿರ್ತದಾ? ವಾರಕ್ಕೊಮ್ಮೆ ಮಣ್ಣು ಮೆತ್ತು. ಜಾಗ ಬದಲಿಸಿ ಇಡು. ಒಂದು ದಿನ ಒಂದು ಬೂಟು ಮಗುಚಿ ಹಾಕು.’ ನಾವಿಬ್ಬರೂ ಅಂಗಳದಲ್ಲಿ ಕೂತು ಬೂಟಿಗೆ ಮಣ್ಣು ಮೆತ್ತಿದೆವು. ನಕ್ಕು ನಕ್ಕು ನನಗೆ ಹೊಟ್ಟೆ ನೋವು.

ಈ ಮನೆ ಬಿಟ್ಟು ನಾನೆಲ್ಲೂ ಬರುವವಳಲ್ಲ, ಈಗಲೇ ಹೇಳಿದ್ದೇನೆ. ನಿನ್ನ ಜನರಲ್ ಸಾಹೇಬರು ಹೆಲಿಕಾಪ್ಟರ್ ಕಳಿಸಿದರೂ ಬರುವುದಿಲ್ಲ.

ಮಾವಿ ನಿನಗೆ ಆಶೀರ್ವಾದ ಹೇಳಿದ್ದಾರೆ, ಎರಡು ಸಾಕ್ಸ್ ಹಾಕಿಕೊಳ್ಳಲು ಹೇಳಿದ್ದಾರೆ.

ನಿನ್ನವಳು,
ರಶ್ಮಿತಾ

ಮರೆತೆ: ನಿನ್ನ ಅಪ್ಪ ಒಂದು ವರ್ಷಕ್ಕೆ ಎಷ್ಟು ದಿನ ರಜೆಯಲ್ಲಿ ಬರುತ್ತಿದ್ದರು? ಮಾವಿಯನ್ನು ಕೇಳಲು ಬಾಯಿ ಬರಲಿಲ್ಲ.


ಶ್ರೀಮಂಗಲ
ಮಾರ್ಚ್ ೧೭, ಭಾನುವಾರ

ಪ್ರೀತಿಯ ಮುತ್ತ,

ಕಾಫಿ ಹೂ ಬಿಟ್ಟಿತು. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲವೆಂದು ಬೈಯಬೇಡ, ಬಣ್ಣದ ಕೈ ಒಣಗಿದ್ದೇ ನಿನ್ನೆ. ಹೂಮಳೆ ಒಳ್ಳೇ ಹೊತ್ತಿಗೆ ಬಿತ್ತು, ಬಾವನಿಗೆ ಖುಷಿಯೋ ಖುಷಿ. ಬೆಳಿಗ್ಗೆ ಬಾಗಿಲು ತೆಗೆದರೆ ತೋಟಕ್ಕೆ ತೋಟವೇ ಬೆಳ್ಳಗೆ, ಮಲ್ಲಿಗೆ ಅಂಗಡಿಯೊಳಗೆ ನಿಂತ ಹಾಗೆ ವಾಸನೆ. ಯಾರಿಗಾದರೂ ತೋರಿಸಬೇಕು ಎಂದು ಹಿಂದೆ ತಿರುಗಿದೆ. ಯಾರೂ ಇರಲಿಲ್ಲ. ಸರಿ, ಫೋಟೊ ತೆಗೆದೆ, ಅಮ್ಮನಿಗೆ ಕಳಿಸೋಣವೆಂದರೆ ಸಿಗ್ನಲ್ ಇಲ್ಲ. ಅಷ್ಟರಲ್ಲಿ ಲೈನಿನ ಚೋಮಿ ಮೆಣಸು ಕೊಯ್ಯುವ ಏಣಿ ಹೊತ್ತುಕೊಂಡು ಹೋಗುತ್ತಿದ್ದಳು. ಓಡಿ ಹೋಗಿ ಅವಳ ಕೈ ಹಿಡಿದು ನೋಡು ನೋಡು ಎಂದೆ. ಅವಳು ತೋಟ ನೋಡಿದಳು, ನನ್ನ ಮುಖ ನೋಡಿದಳು. ‘ಎಲ್ಲಾ ವರ್ಷವೂ ಬರ್ತದಲ್ಲ ಅಮ್ಮ’ ಎಂದಳು. ಪಾಪ, ನನಗೆ ಜ್ವರ ಬಂದಿದೆ ಅಂದುಕೊಂಡಿರಬೇಕು.

ಮನೆ ಮಾತ್ರ ಸೂಪರ್ ಆಗುತ್ತಿದೆ. ಹಜಾರಕ್ಕೆ ಹಳದಿ ಬಣ್ಣ. ಅದರ ಮೇಲೆ ದೊಡ್ಡ ಯುದ್ಧವೇ ನಡೆಯಿತು. ‘ಮದುವೆ ಚಪ್ಪರದ ಹಾಗಿದೆ’ ಎಂದರು ಬಾವ. ಚಿಕ್ಕಿ ಆಂಟಿ ನನ್ನ ಪಕ್ಷ. ಅಪ್ಪ ಮೈಸೂರಿನಿಂದ ಪರದೆ ಕಳಿಸಿದ್ದಾರೆ, ಅವು ಕಿಟಕಿಗಿಂತ ಉದ್ದ, ಮಾವಿ ಕೂತು ಮಡಿಚಿ ಹೊಲಿದರು. ಊಟದ ಮೇಜು ಬಂತು. ನಾನು ಆರು ಕುರ್ಚಿಯ ದೊಡ್ಡದು ಕೇಳಿದ್ದೆ. ಬಾವ ಪಿಕಪ್ಪಿನಲ್ಲಿ ತಂದಿಳಿಸಿದ್ದು ಶಾಲೆಯ ಮೇಷ್ಟರ ಮೇಜಿನಷ್ಟು ಒಂದು ಮೇಜು, ಒಂದೇ ಕುರ್ಚಿ. ಚಿಕ್ಕಿ ಆಂಟಿ ಆರಿಸಿದ್ದು.

‘ಆಂಟಿ, ಒಂದೇ ಕುರ್ಚಿಯಾ?’

‘ಇನ್ನೊಂದು ಅಟ್ಟದಲ್ಲುಂಟು. ಬೇಕಾದಾಗ ಇಳಿಸು.’

‘ಇಲ್ಲೇ ಇರಲಿ, ಎದುರಿಗೆ.’

‘ಖಾಲಿ ಕುರ್ಚಿ ನೋಡ್ಕೊಂಡು ತಿಂದು ನೋಡು, ಅನ್ನ ಇಳಿಯುವುದಿಲ್ಲ’ ಎಂದು ಮೇಜನ್ನು ತಾನೇ ಎಳೆದು ಕಿಟಕಿಗೆ ತಾಗಿಸಿದರು. ‘ಹೊರಗೆ ನೋಡ್ಕೊಂಡು ತಿನ್ನು. ಒಂದು ಹಕ್ಕಿಯಾದರೂ ಸಿಗ್ತದೆ.’

ಇವರಿಗೆ ಇದೆಲ್ಲ ಎಷ್ಟು ಗೊತ್ತು ಮುತ್ತ. ಬಾರಿಸುವ ಗಡಿಯಾರ ಹಾಕಬಾರದು. ರೇಡಿಯೊ ಅಡುಗೆ ಮನೆಯಲ್ಲೇ ಇಡಬೇಕು, ಯಾಕೆಂದರೆ ಬೆಳಿಗ್ಗೆ ಎದ್ದು ಮೊದಲು ಹೋಗುವುದು ಅಲ್ಲಿಗೆ. ನಾನು ಮ್ಯಾಗಝಿನ್ನಿನಲ್ಲಿ ನೋಡಿ ಮನೆ ಸಿಂಗರಿಸಲು ಹೊರಟರೆ ಇವರು ಬೇರೆ ಯಾವುದೋ ಶಾಲೆಯಲ್ಲಿ ಇದನ್ನು ಕಲಿತು ಬಂದ ಹಾಗೆ ಮಾಡುತ್ತಾರೆ. ಸಂಜೆ ಐದಾದರೆ ಎಲ್ಲರೂ ಹೊರಡಬೇಕು. ಕಾಡಿನಿಂದ ಆನೆ ಇಳಿದಿವೆ, ನಮ್ಮ ಗದ್ದೆಯ ಏರಿಯಲ್ಲೇ ಹೆಜ್ಜೆ ಇದೆ, ಕತ್ತಲಾದ ಮೇಲೆ ಯಾರೂ ಈಚೆ ದಾಟುವುದಿಲ್ಲ. ಮಾವಿ ಹೊರಡುವಾಗ ಪ್ರತಿ ದಿನ ‘ನಾನು ಇಲ್ಲೇ ಮಲಗ್ಲಾ’ ಎಂದು ಕೇಳುತ್ತಾರೆ. ಬೇಡ, ನನಗೆ ಹಾಸ್ಟೆಲಿನಲ್ಲಿದ್ದ ಹಾಗೆ ಮಜವಾಗಿದೆ ಎನ್ನುತ್ತೇನೆ. ಅವರಿಗೆ ಮೊಣಕಾಲು ನೋವು, ಈ ಮನೆಯ ಮೆಟ್ಟಿಲು ಎತ್ತರ.

ಒಂದು ತಮಾಷೆ ಹೇಳುತ್ತೇನೆ, ಬಾವನಿಗೆ ಹೇಳಬೇಡ. ಆ ರಾಜಮಂಚ ಇದೆಯಲ್ಲ, ಅದನ್ನು ಬಿಚ್ಚಿಸಿದೆ. ಗುಡಿಸಲು ಅಡ್ಡವಾಗುತ್ತದೆ ಎಂದು ಕಾರಣ ಕೊಟ್ಟೆ. ಮಾವಿ ಸುತ್ತಿಗೆ ಹಿಡಿದು ಬಂದರು. ‘ನಾನು ಆವತ್ತೇ ಹೇಳಿದ್ದೆ’ ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಯಾವ ಬೆಣೆ ಮೊದಲು, ಯಾವುದು ಆಮೇಲೆ ಎಂದು ತೋರಿಸಿಕೊಟ್ಟರು. ಎರಡು ಏಟಿಗೆ ಒಂದೊಂದು ಬೆಣೆ ಸಡಿಲವಾಗಿ ಕೈಗೆ ಬರುತ್ತದೆ. ಹಲಗೆಗಳನ್ನು ಸೀರೆಯಲ್ಲಿ ಸುತ್ತಿ ಇಬ್ಬರೂ ಅಟ್ಟಕ್ಕೆ ಏರಿಸಿದೆವು. ಇಳಿದು ಬಂದ ಮೇಲೆ ಅವರು ನನಗೆ ಕಾಫಿ ಮಾಡಿಕೊಟ್ಟರು. ನನ್ನ ಮನೆಯಲ್ಲಿ ನನಗೇ ಬೇರೆಯವರು ಕಾಫಿ ಮಾಡಿಕೊಟ್ಟದ್ದು ಅದೇ ಮೊದಲು. ಹಲಗೆ ಮಂಚವೂ ಚೆನ್ನಾಗಿದೆ. ಗೋಡೆ ತಣ್ಣಗಿದೆ, ಆದರೆ ಗಟ್ಟಿಯಾಗಿದೆ.

ನಿಮ್ಮ ಯೂನಿಟ್ ಕೆಳಗಿಳಿಯುತ್ತದೆ, ಜೈಪುರಕ್ಕೆ ಹೋಗುತ್ತದೆ ಎಂದು ಬರೆದಿದ್ದೀಯ. ಅಂದರೆ ಹಿಮ ಇಲ್ಲ, ಫೋನ್ ಇದೆ, ನಿನ್ನ ಗಡ್ಡಕ್ಕೆ ಮುಕ್ತಿ ಇದೆ. ಪತ್ರದ ಕೊನೆಯ ಸಾಲನ್ನು ತಿರುಗಿಸಿ ತಿರುಗಿಸಿ ಓದಿದೆ, ಹಿಂಬದಿಯಲ್ಲಿ ಇನ್ನೇನಾದರೂ ಬರೆದಿದ್ದೀಯಾ ಎಂದು ನೋಡಿದೆ. ಪರವಾಗಿಲ್ಲ, ನಿನಗೆ ಟೈಮಿಲ್ಲ, ಗೊತ್ತು.

ನಾನು ತುಂಬಾ ತುಂಬಾ ಖುಷಿಯಾಗಿದ್ದೇನೆ. ನನ್ನ ಬಗ್ಗೆ ಚಿಂತೆ ಮಾಡಬೇಡ. ಇಷ್ಟು ಚೆಂದದ ಮನೆ ಇರುವವಳಿಗೆ ಏನು ಕಡಿಮೆ?

ನಿನ್ನ,
ರಶ್ಮಿತಾ

ಇನ್ನೊಂದು: ಕಾಫಿ ಹೂ ಮೂರು ದಿನಕ್ಕೇ ಕಂದಿಹೋಯಿತು. ಹಾಗೆಂದು ಯಾರೂ ಮೊದಲೇ ಹೇಳಿರಲಿಲ್ಲ.


ಶ್ರೀಮಂಗಲ
ಏಪ್ರಿಲ್ ೧೪, ಭಾನುವಾರ

ಪ್ರೀತಿಯ ಮುತ್ತ,

ಮನೆ ಮುಗಿಯಿತು, ನಿನ್ನೆ ಎಲ್ಲರನ್ನೂ ಕರೆದು ಊಟ ಹಾಕಿದೆವು. ನೀನು ಬೆಟ್ಟ ಇಳಿಯುವ ಗಡಿಬಿಡಿಯಲ್ಲಿರುತ್ತೀಯ, ಅದಕ್ಕೇ ಇದನ್ನು ಜೈಪುರದ ವಿಳಾಸಕ್ಕೇ ಹಾಕುತ್ತಿದ್ದೇನೆ, ಬಂದ ತಕ್ಷಣ ಕೈಗೆ ಸಿಗಲಿ. ಹಿಂದಿನ ವಾರವೇ ಬರೆಯಬೇಕಿತ್ತು. ಆಗಲಿಲ್ಲ.

ಜನ ತುಂಬಿಬಿಟ್ಟಿದ್ದರು. ಬೆಳಿಗ್ಗೆ ಮಾವಿ ಹಜಾರದ ತೂಗುದೀಪ ಹಚ್ಚಿದರು. ಹಿರಿಯರೆಲ್ಲ ಅಕ್ಕಿ ಹಾಕಿ ಆಶೀರ್ವಾದ ಮಾಡುವಾಗ ನಿನ್ನ ಜಾಗ ಖಾಲಿ ಕಾಣಬಾರದೆಂದು ಚಿಕ್ಕಿ ಆಂಟಿ ನನ್ನನ್ನು ನಡುಮಧ್ಯಕ್ಕೆ ಸರಿಸಿ ಕೂರಿಸಿದರು. ಬಾವ ಪಂದಿಕರಿ ಮಾಡಿಸಿದ್ದರು, ಕಡುಬು ಸಾಲದೆ ಮತ್ತೆ ಬೇಯಿಸಿದೆವು. ಎಲ್ಲರೂ ಕೋಣೆ ಕೋಣೆ ಸುತ್ತಿ ನೋಡಿದರು. ಹಳದಿ ಗೋಡೆಯನ್ನು ಬೈದ ಬಾವನೇ ನೆಂಟರ ಮುಂದೆ ‘ನಾನೇ ಆರಿಸಿದ್ದು’ ಎನ್ನುತ್ತಿದ್ದರು. ಒಬ್ಬ ಅಜ್ಜಿ ನನ್ನ ಗಲ್ಲ ಹಿಡಿದು ‘ಬೋಜಮ್ಮ ಇಪ್ಪತ್ತು ವರ್ಷ ಕಾದ ಮನೆ ಇದು, ನೀನೂ ಹಾಗೇ ಕಾದುಕೋ’ ಎಂದರು. ಮಾವಿ ಅಲ್ಲೇ ನಿಂತಿದ್ದರು, ತಮ್ಮ ಹೆಸರು ಕೇಳಿಯೂ ತಿರುಗಲಿಲ್ಲ.

ನಿನ್ನ ಜೊತೆಗಾರ ದೀಪಕನ ಹೆಂಡತಿ ಉಷಾರಾಣಿ ಕುಶಾಲನಗರದ ಹತ್ತಿರದ ತಮ್ಮ ಊರಿನಿಂದ ಬಸ್ ಬದಲಿಸಿ ಬದಲಿಸಿ ಬಂದಿದ್ದಳು. ನಾವು ಮದುವೆಯಲ್ಲಿ ಒಮ್ಮೆ ನೋಡಿದ್ದಷ್ಟೇ. ಒಂದು ಡಬ್ಬ ಮೈಸೂರುಪಾಕು ತಂದಿದ್ದಳು. ತುಂಬಾ ಒಳ್ಳೆಯವಳು.

ಸಂಜೆ ಐದಕ್ಕೆ ಎಲ್ಲರೂ ಹೊರಟರು. ಪಾತ್ರೆ ತೊಳೆದಿಟ್ಟು, ಚಾಪೆ ಸುತ್ತಿಟ್ಟು, ಹೂವಿನ ಕಸವನ್ನೂ ಗುಡಿಸಿ ಹೋಗಿದ್ದರು. ಮಾಡಲು ನನಗೆ ಒಂದು ಕೆಲಸವನ್ನೂ ಉಳಿಸಿರಲಿಲ್ಲ.

ನಿನಗೆ ಎಲ್ಲರ ಆಶೀರ್ವಾದವಿದೆ. ಸುಖವಾಗಿ ಇಳಿದು ಬಾ. ಕಾವೇರಮ್ಮ ಕಾಯಲಿ, ಕಾಲು ತಪ್ಪಿ ಜಾರಬೇಡ, ನೀರು ಕುಡಿ, ಬಿಸಿಲಲ್ಲಿ ಟೋಪಿ ಹಾಕಿಕೋ.

ನಿನ್ನ,
ರಶ್ಮಿತಾ

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಉಷಾರಾಣಿ ಬಂದದ್ದು ಮನೆ ನೋಡಲು ಮಾತ್ರ ಅಲ್ಲ, ಥ್ಯಾಂಕ್ಸ್ ಹೇಳಲು.

ಅಡುಗೆ ಮನೆಯಲ್ಲಿ ನಾನು ತಟ್ಟೆ ಜೋಡಿಸುತ್ತಿದ್ದೆ, ಅವಳು ಹಿಂದೆಯೇ ಬಂದಳು. ‘ಅಕ್ಕ, ನಿಮ್ಮನೆಯವ್ರು ದೊಡ್ಡ ಮನಸ್ಸು ಮಾಡಿದ್ರು ಕಣಕ್ಕ. ಲಿಸ್ಟಲ್ಲಿ ಅವರದೇ ಹೆಸರು ಮುಂದಿತ್ತಂತೆ. ನಮಗೆ ಬುಟ್ಟುಕೊಟ್ರು.’

‘ಏನನ್ನು?’

‘ಕ್ವಾರ್ಟರ್ಸು ಅಕ್ಕ, ಜೈಪುರದ್ದು. ಎರಡು ರೂಮಂತೆ, ಹಿಂದ್ಗಡೆ ನೀರೂ ಐತಂತೆ. ಇವರು ಮುಂದಾಗೇ ಹೋಗಿ ಕೀಲಿ ಇಸ್ಕೊಂಡವ್ರೆ.’ ಆಮೇಲೆ ನನ್ನ ಮುಖ ನೋಡಿ ಅವಳ ದನಿ ಸಣ್ಣಗಾಯಿತು. ‘ನಿಮಗೆ ಗೊತ್ತಿರ್ಲಿಲ್ವಾ ಅಕ್ಕ?’

‘ಅಯ್ಯೋ, ಗೊತ್ತಿತ್ತು, ನಾನೇ ಬಿಡಿ ಅಂದದ್ದು’ ಎಂದೆ. ನಗುತ್ತಾ ಹೇಳಿದೆ. ನನಗೆ ನಗುವುದು ಯಾವಾಗಲೂ ಸುಲಭ.

ಅವಳಿಗೆ ಹೋದ ಜೀವ ಬಂತು. ‘ಅದೇ ಇವರೂ ಅಂದ್ರು. ಹೆಂಡ್ತೀನ ಕರ್ಕೊಂಡು ಬರಲ್ವಾ ಅಂತ ಕೇಳಿದ್ರೆ ನಿಮ್ಮನೆಯವ್ರು ನಿಮ್ಮ ಕಾಗ್ದ ತೆಗೆದು ಓದಿದ್ರಂತೆ. ಹೆಲಿಕಾಪ್ಟರ್ ಕಳಿಸಿದ್ರೂ ಬರಲ್ಲ ಅಂದವ್ಳೆ, ಅಷ್ಟು ಆಸೆ ಆ ಮನೆ ಮೇಲೆ, ಬಿಡಿಸಿ ತಂದು ಇಲ್ಲಿ ಕೂರ್ಸಿದ್ರೆ ಪಾಪ ಅಂತ. ಎಲ್ಲರೂ ನಕ್ಕಿದ್ದೇ ನಕ್ಕಿದ್ದಂತೆ ಅಕ್ಕ.’

ನಾನು ಅವಳಿಗೆ ಇನ್ನೊಂದು ಕಡುಬು ಬಡಿಸಿದೆ.

ನೀನು ಒಳ್ಳೆಯದಕ್ಕೇ ಮಾಡಿದ್ದೀಯ, ನನಗೆ ಅರ್ಥವಾಗುತ್ತದೆ. ಅದೇ ಕಷ್ಟ. ನೀನು ಕೆಟ್ಟವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ನೀನು ಅಲ್ಲಿ ಹಿಮದಲ್ಲಿ ಕೂತು ಓದುತ್ತೀಯ, ಓದಿ ನಗಬೇಕು ಎಂದು ನಾನು ಹಾಗೆ ಬರೆದೆ. ಬರೆಯದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ. ನಾನು ಶ್ರೀಮಂಗಲದ ಅಂಗಡಿಯಲ್ಲಿ ಒಂದೊಂದೇ ಸಾಮಾನು ಕೊಳ್ಳುತ್ತೇನೆ, ಇವತ್ತು ಬೆಂಕಿಪೊಟ್ಟಣ, ನಾಳೆ ಉಪ್ಪು, ನಾಳೆಯೂ ಹೋಗಲು ಕಾರಣ ಬೇಕಲ್ಲ. ಗ್ಯಾಸ್ ತರುವವನನ್ನು ನಿಲ್ಲಿಸಿಕೊಂಡು ಅವನ ಮಕ್ಕಳ ಹೆಸರು ಕೇಳಿದ್ದೇನೆ, ಹೋದ ತಿಂಗಳೂ ಕೇಳಿದ್ದೆ, ಅವನು ಪಾಪ ಮತ್ತೆ ಹೇಳಿದ. ಸಂಜೆ ಐದರಿಂದ ಬೆಳಿಗ್ಗೆಯವರೆಗೆ ನನ್ನ ದನಿ ನನಗೇ ಕೇಳುವುದಿಲ್ಲ. ಒಂದು ದಿನ ಪೇಪರನ್ನು ಗಟ್ಟಿಯಾಗಿ ಓದಿದೆ, ಯಾರದೋ ಹೊಲ ಮಾರಾಟದ ಜಾಹೀರಾತನ್ನೂ ಬಿಡದೆ. ಇಷ್ಟು ಜನ ಸೇರಿ, ಬೆನ್ನು ನೋಯಿಸಿಕೊಂಡು, ಪ್ರೀತಿಯಿಂದ, ಒಬ್ಬಳೇ ಹೇಗೆ ಇರಬೇಕೆಂದು ನನಗೊಂದು ಮನೆ ಮಾಡಿಕೊಟ್ಟಿದ್ದಾರೆ. ಎಲ್ಲವೂ ಸರಿಯಾಗಿ ಕೂತಿದೆ. ಅದರಲ್ಲಿ ಕೂರಲು ನನ್ನಿಂದ ಆಗುತ್ತಿಲ್ಲ.

ಒಂದು ಮಾತು ಕೇಳಬಹುದಿತ್ತು, ಮುತ್ತ. ಬರ್ತೀಯಾ ಎಂದು. ನಾನು ಇಲ್ಲ ಎಂದೇ ಬರೆದಿರುತ್ತಿದ್ದೆನೋ ಏನೋ. ಆದರೂ ಕೇಳಿದ್ದರೆ ಆ ಸಾಲನ್ನು ಇಟ್ಟುಕೊಳ್ಳುತ್ತಿದ್ದೆ.

ನಿನ್ನ ಹತ್ತಿರ ಹೊರಡುತ್ತೇನೆ ಎಂದು ಇವತ್ತು ಬೆಳಿಗ್ಗೆ ಮಾವಿಗೆ ಹೇಳಿದೆ. ಚಿಕ್ಕಿ ಆಂಟಿ ರಾತ್ರಿ ಬಾವನ ಮನೆಯಲ್ಲೇ ಉಳಿದಿದ್ದರು, ಅವರೂ ಇದ್ದರು. ಆಂಟಿಗೆ ಕೋಪ ಬಂತು. ‘ಮೂರು ತಿಂಗಳು ನಾವು ಸುಣ್ಣ ಹೊಡೆದದ್ದು ಬಾವಲಿಗಳಿಗಾ? ನಿನ್ನೆ ಅಕ್ಕಿ ಹಾಕಿಸ್ಕೊಂಡು ಇವತ್ತು ಪೆಟ್ಟಿಗೆ ಕಟ್ತೀಯ. ನಮಗೇನು ಗಂಡ ಬೇಡವಾಗಿತ್ತಾ? ನಾವು ಇರ್ಲಿಲ್ವಾ?’

‘ಇದ್ದಿರಿ ಆಂಟಿ’ ಎಂದೆ. ಅವರು ಬೇಳೆ ಆರಿಸುತ್ತಿದ್ದ ಮೊರವನ್ನು ಕುಕ್ಕಿ ಹೊರಗೆ ಹೋದರು. ಬಸ್ಸಿಗೆ ಹೋಗುವಾಗಲೂ ನನಗೆ ಹೇಳಿ ಹೋಗಲಿಲ್ಲ. ಅದು ನನಗೆ ನೋಯುತ್ತಿದೆ, ಅವರು ಹೊಡೆದ ಸುಣ್ಣ ಇನ್ನೂ ಅವರ ಉಗುರಿನಲ್ಲಿದೆ.

ಮಾವಿ ಹಾಲು ಕಾಯಲು ಇಟ್ಟರು. ಒಲೆಯ ಮುಂದೆಯೇ ನಿಂತಿದ್ದರು.

‘ಮುತ್ತ ಬಾ ಅಂದನಾ?’

‘ಇಲ್ಲ ಮಾವಿ.’

‘ಬೇಡ ಅಂದರೆ?’

‘ಬಾಗಿಲಲ್ಲಿ ನಿಂತು ಬೇಡ ಅನ್ನಲಿ. ಇಲ್ಲಿಂದ ಕೇಳಿಸುವುದಿಲ್ಲ.’

ಅವರು ಒಲೆಯಿಂದ ಹಾಲು ಇಳಿಸಿದರು. ‘ಅವರು ನನ್ನನ್ನು ಕರೀಲಿಲ್ಲ’ ಎಂದರು. ನಿನ್ನ ಅಪ್ಪನ ವಿಷಯ. ‘ನಾನೂ ಕೇಳ್ಲಿಲ್ಲ. ನನಗೆ ಇಲ್ಲೇ ಇಷ್ಟ ಅಂತ ಅವರಿಗೆ. ಅವರಿಗೆ ನಾನು ಅಲ್ಲಿ ಬೇಡ ಅಂತ ನನಗೆ. ಮುಚ್ಚಿಟ್ಟ ಮನೆ ಹಾಳಾಗ್ತದೆ ಅಂತ ಇಬ್ಬರೂ ಹೇಳ್ಕೊಂಡೆವು.’ ಆಮೇಲೆ ಕೈ ಚಾಚಿದರು. ‘ಕೀಲಿ ನನ್ನ ಹತ್ತಿರ ಕೊಟ್ಟು ಹೋಗು. ವಾರಕ್ಕೊಮ್ಮೆ ಬಂದು ಕಿಟಕಿ ತೆಗೀತೇನೆ. ಟಿಕೆಟಿನಲ್ಲಿ ಕೆಳಗಿನ ಬರ್ತ್ ಕೇಳು.’

ಕ್ವಾರ್ಟರ್ಸ್ ಹೋಯಿತು ಎಂದು ನೀನು ಚಿಂತೆ ಮಾಡಬೇಡ, ದೀಪಕನಿಂದ ವಾಪಸ್ ಕೇಳಬೇಡ, ಉಷಾರಾಣಿ ಆಗಲೇ ಕುಕ್ಕರ್ ಕಟ್ಟಿಟ್ಟಿದ್ದಾಳೆ. ನಾನು ಅವಳ ಜೊತೆಯೇ ಹೊರಡುತ್ತಿದ್ದೇನೆ. ಗೇಟಿನ ಹೊರಗೆ ಬಾಡಿಗೆಗೆ ಒಂದು ರೂಮ್ ಸಿಕ್ಕರೆ ಸಾಕು, ಬಿಸಿಲಿರಲಿ, ಪಾತ್ರೆ ಇಲ್ಲದಿರಲಿ, ಗೋಡೆಗೆ ಬಣ್ಣವೂ ಬೇಡ. ನೀನು ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುವ ಸದ್ದು ಕೇಳಿದರೆ ಸಾಕು. ಮತ್ತೆ ಬೆಟ್ಟಕ್ಕೆ ಕಳಿಸಿದರೆ ಆಗ ನಾನು ಶ್ರೀಮಂಗಲಕ್ಕೆ ಬಂದು ಇರುತ್ತೇನೆ, ಇರುವುದು ಹೇಗೆಂದು ಕಲಿತಿದ್ದೇನೆ. ನೀನು ಇರುವಾಗಲೂ ಹಾಗೆ ಇರಲಾರೆ.

ಇದನ್ನು ಫೋನಿನಲ್ಲಿ ಹೇಳಲು ಹೊರಟರೆ ನೀನು ‘ನೋಡೋಣ’ ಎನ್ನುತ್ತೀಯ, ನಾನು ‘ಆಯ್ತು ಆಯ್ತು, ನನಗಿಲ್ಲೇ ಮಜ’ ಎಂದು ನಗುತ್ತೇನೆ. ಅದಕ್ಕೇ ಮಧ್ಯಾಹ್ನ ಪೇಟೆಗೆ ಹೋಗಿ, ಉಷಾರಾಣಿಗೆ ಫೋನ್ ಮಾಡಿ, ಟಿಕೆಟ್ ಮಾಡಿಸಿ ಬಂದೇ ಬರೆಯುತ್ತಿದ್ದೇನೆ. ಉತ್ತರ ಬರೆಯಬೇಡ, ಸ್ಟೇಷನ್ನಿಗೆ ಬಾ. ಮೇ ಎರಡು, ಗುರುವಾರ, ಮೈಸೂರಿನಿಂದ ಜೈಪುರ ಎಕ್ಸ್‌ಪ್ರೆಸ್. ಶನಿವಾರ ಬೆಳಿಗ್ಗೆ ಇಳಿಯುತ್ತೇನೆ.